ಅಣ್ಣನ ಬೂಟು

“ನಿನ್ನತ್ತಿಗೆ ಸ್ಟೀರಿಂಗ್ ಬಿಡಬಾರದು. ನೋಡ್ಕೋ.” ಮೂರು ವರ್ಷದ ಹಿಂದೆ ಆಸ್ಪತ್ರೆಯ ಹಾಸಿಗೆಯಿಂದ ಅಣ್ಣ ಹೇಳಿದ್ದು ಇಷ್ಟೇ. ಮೆಕ್ಯಾನಿಕ್ ಆಗಿದ್ದ ತಮ್ಮ, ಆಗಲಿ ಎಂದ. ಅದಕ್ಕೂ ಮೊದಲೇ ಅಣ್ಣ ಪೊಲೀಸರಿಗೆ ಹೇಳಿಕೆ ಬರೆಸಿದ್ದ: ಗಾಡಿ ಓಡಿಸುತ್ತಿದ್ದದ್ದು ನಾನು, ತೂಕಡಿಸಿದೆ. ಬೆಳಗಾಗುವುದರೊಳಗೆ ಹೋಗಿಬಿಟ್ಟ. ಪಕ್ಕದ ವಾರ್ಡಿನಲ್ಲಿ ಅತ್ತಿಗೆ ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಬಿಟ್ಟಾಗ ಅಪಘಾತದ ದಿನದ ಒಂದು ಚೂರೂ ಅವರ ತಲೆಯಲ್ಲಿ ಉಳಿದಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಡ್ರೈವರುಗಳು. ಒಂದೇ ಲಾರಿಯನ್ನು ಸರದಿಯ ಮೇಲೆ ಓಡಿಸುತ್ತಿದ್ದರು. ಆಟೋಮ್ಯಾಟಿಕ್ ಗಾಡಿ. ಅದರ ಕಂಟ್ರೋಲ್ ಬಾಕ್ಸ್ ಓಡಿಸುವವರ ಕಾಲನ್ನು, ಅಂದರೆ ಪೆಡಲು ಒತ್ತುವ ರೀತಿಯನ್ನು, ಕಲಿತು ನೆನಪಿಟ್ಟುಕೊಂಡು ಅದಕ್ಕೆ ತಕ್ಕಂತೆ ಗೇರು ಬದಲಾಯಿಸುತ್ತದೆ. ಅಣ್ಣ ಆರಡಿಯ ಆಳು. ಭಾರದ ಬೂಟು, ಕಾಲಿಟ್ಟರೆ ಎತ್ತುವ ಮಾತಿಲ್ಲ. ಗೇರು ತಡವಾಗಿ, ಗುರುಗುಟ್ಟಿಕೊಂಡು ಏರುತ್ತಿತ್ತು. ಸರದಿ ಬದಲಾದಾಗ ಅರ್ಧ ದಿನ ಗಾಡಿ ಅವನ ಮಾತನ್ನೇ ಕೇಳುತ್ತಿತ್ತು. ನಿಮ್ಮ ಕಾಲು ಇನ್ನೂ ಗಾಡಿಯಿಂದ ಕೆಳಗಿಳಿದಿಲ್ಲ ಎಂದು ಅತ್ತಿಗೆ ರೇಗಿಸುತ್ತಿದ್ದರು.

ಈಗ ರೇಗಿಸಲು ಯಾರೂ ಇಲ್ಲ. ಅತ್ತಿಗೆ ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುತ್ತಿದ್ದರು. ಗಾಡಿ ಬಿಟ್ಟದ್ದಕ್ಕೆ ಕಾರಣ ಭಯವಲ್ಲ, ಸಿಟ್ಟು. ಪಕ್ಕದಲ್ಲೇ ಹೆಂಡತಿಯನ್ನು ಇಟ್ಟುಕೊಂಡು ತೂಕಡಿಸಿದವನ ಮೇಲಿನ ಸಿಟ್ಟು. ಮತ್ತೆ ಗಾಡಿ ಹತ್ತಿ ಎಂದು ಮೆಕ್ಯಾನಿಕ್ ಮೂರು ವರ್ಷ ದುಂಬಾಲು ಬಿದ್ದ. ಕೊನೆಗೆ ಅದೇ ಮಾದರಿಯ, ಹಳೆಯದಕ್ಕಿಂತ ಒಂದು ವರ್ಷ ಹೊಸದಾದ, ಗೇರ್‌ಬಾಕ್ಸ್ ಸುಟ್ಟುಹೋದ ಲಾರಿಯೊಂದನ್ನು ಹುಡುಕಿ ತಂದ. ಅತ್ತಿಗೆ ಅದರ ಸುತ್ತ ಒಂದು ಸುತ್ತು ಬಂದರು.

“ಹಳೇ ಗಾಡಿದೇ ಗೇರ್‌ಬಾಕ್ಸ್ ಹಾಕು. ಕಂಟ್ರೋಲ್ ಬಾಕ್ಸೂ ಅದೇ ಇರಲಿ. ನಿಮ್ಮಣ್ಣನ ಕಾಲು ಅದರಲ್ಲಿದೆ. ಅದನ್ನ ಒಂದ್ಸಲ ಕೇಳ್ಬೇಕು ನಾನು, ಯಾಕೆ ಹೀಗೆ ಮಾಡಿದ್ರಿ ಅಂತ. ಇಲ್ಲಾಂದ್ರೆ ಸ್ಟೀರಿಂಗ್ ಮುಟ್ಟಲ್ಲ.”

ಇನ್ನೊಂದು ಗಾಡಿಗೆ ಹಾಕುವಾಗ ಬಾಕ್ಸು ಹಿಂದೆ ಕಲಿತದ್ದನ್ನು ಅಳಿಸಿ ಹಾಕುವುದೇ ಪದ್ಧತಿ ಎಂದು ಅವನು ಗೊಣಗಿದ.

“ಅಳಿಸೋಕೆ ನಿಂಗ್ಯಾಕೆ ಅಷ್ಟು ಅವಸರ? ಅಪಘಾತ ಆದ ವಾರ ಬ್ರೇಕ್ ಸರಿ ಮಾಡಿದ್ದು ನೀನೇ ಅಲ್ವಾ?”

ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಅಳಿಸುವುದಿಲ್ಲ ಎಂದ.

ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಹಳೆಯ ಲಾರಿ ಮೂರು ವರ್ಷದಿಂದ ನಿಂತಿತ್ತು. ಮೂತಿ ಜಜ್ಜಿಹೋಗಿತ್ತು, ಹೊಟ್ಟೆ ಗಟ್ಟಿಯಾಗಿತ್ತು. ಅಪಘಾತದ ದಿನ ಜನ ಗಡಿಬಿಡಿಯಲ್ಲಿ ಇಬ್ಬರನ್ನೂ ಎಳೆದು ರಸ್ತೆಯಲ್ಲಿ ಮಲಗಿಸಿದ್ದರು. ಆಮೇಲೆ ಗಾಡಿಯೊಳಗೆ ಕೈಹಾಕಿದವನು ಇವನೊಬ್ಬನೇ. ಡ್ರೈವರ್ ಸೀಟು ಸ್ಟೀರಿಂಗಿಗೆ ತೀರ ಹತ್ತಿರವಿತ್ತು. ಕೈ ಆಡುವುದಿಲ್ಲವೆಂದು ಅದನ್ನು ಹಿಂದಕ್ಕೆ ತಳ್ಳಿ, ಡ್ಯಾಶಿನ ಅಡಿಯಿಂದ ಕಂಟ್ರೋಲ್ ಬಾಕ್ಸ್ ಬಿಡಿಸಿದ. ಆಮೇಲೆ ಗೇರ್‌ಬಾಕ್ಸಿಗೆ ಜ್ಯಾಕ್ ಕೊಟ್ಟ. ತುಕ್ಕು ಹಿಡಿದ ಬೋಲ್ಟುಗಳು ಒಂದೊಂದೂ ಕೀರಲು ದನಿ ಮಾಡಿ ಬಂದವು.

ಪಕ್ಕದ ಅಂಗಡಿಯ ಟೈರಿನವನು ಬಂದು ನಿಂತ. ಸತ್ತದ್ದರ ಕರುಳು ಕಿತ್ತು ಬದುಕಿದ್ದಕ್ಕೆ ಹಾಕುತ್ತೀಯಲ್ಲ, ನೀನು ಡಾಕ್ಟರಾಗಬೇಕಿತ್ತು ಎಂದು ನಕ್ಕ. ಇಷ್ಟು ದಿನ ಇದನ್ನು ಮುಟ್ಟಲು ಹೆದರುತ್ತಿದ್ದದ್ದು ಯಾಕೆ ಎಂದೂ ಕೇಳಿದ. ಮೆಕ್ಯಾನಿಕ್ ಗಾಡಿಯ ಅಡಿಗೆ ಜಾರಿದ.

ಎರಡೂ ವರ್ಷದ ಮಾಡೆಲ್ಲುಗಳಿಗೆ ಬೋಲ್ಟಿನ ತೂತುಗಳು ಒಂದೇ. ವೈರಿನ ಪ್ಲಗ್ ಮಾತ್ರ ಬೇರೆ. ಹಳೆಯದರಿಂದಲೇ ವೈರು ತಂದು ಎಳೆದ. ಹೊಸ ಆಯಿಲ್ ತುಂಬಿದ. ಎಂಜಿನ್ ಸ್ಟಾರ್ಟ್ ಆಯಿತು.

ಆಮೇಲೆ ಶಟರ್ ಎಳೆದುಕೊಂಡು, ಸ್ಕ್ಯಾನರ್ ಚುಚ್ಚಿ, ಕಂಟ್ರೋಲ್ ಬಾಕ್ಸಿನಲ್ಲಿ ಉಳಿದಿದ್ದ ಅಂಕಿಗಳನ್ನು ಓದಿದ. ಮೇಲಿನಿಂದ ಕೆಳಗೆ ಒಮ್ಮೆ, ಇನ್ನೊಮ್ಮೆ.

ಅಳಿಸಿದ. ಅತ್ತಿಗೆಗೆ ಕೊಟ್ಟ ಮಾತು ಎರಡು ದಿನವೂ ಬಾಳಲಿಲ್ಲ.

ಮರುದಿನದಿಂದ ಟ್ರಯಲ್ ಎಂದು ಗಾಡಿ ಹೊರಗೆ ತೆಗೆದ. ಒಂದು ಗಂಟೆಯ ಕೆಲಸಕ್ಕೆ ಮೂರು ದಿನ ತೆಗೆದುಕೊಂಡ. ಮರಳಿನ ಮೂಟೆ ಹೇರಿಕೊಂಡು ಬೈಪಾಸಿನ ಏರು ಹತ್ತಿದ, ಇಳಿದ, ಮತ್ತೆ ಹತ್ತಿದ. ಮನೆಗೆ ಉಣ್ಣಲೂ ಹೋಗಲಿಲ್ಲ. ಕಾಲಲ್ಲಿ ಅಣ್ಣನ ಬೂಟು. ಎರಡು ಸೈಜು ದೊಡ್ಡದು, ಮುಂದೆ ಹಳೇ ಬಟ್ಟೆ ತುರುಕಿದ್ದ.

“ಅಣ್ಣನ ಬೂಟು ಹಾಕಿದ ಮಾತ್ರಕ್ಕೆ ಅಣ್ಣ ಆಗ್ತೀಯೇನೋ?” ಎಂದ ಟೈರಿನವನು.

ಮೆಕ್ಯಾನಿಕ್ ಬೂಟು ಬಿಚ್ಚಿದ. ಬಲಗಾಲು ಬಾತುಕೊಂಡಿತ್ತು.

ನಾಲ್ಕನೆಯ ದಿನ ಅತ್ತಿಗೆ ಬಂದರು. ಮೆಟ್ಟಿಲು ಹತ್ತಿ, ಸೀಟನ್ನು ಅದರ ಹಳಿಯ ಕೊನೆಯ ಹಲ್ಲಿನವರೆಗೆ ಮುಂದಕ್ಕೆ ಎಳೆದುಕೊಂಡರು. ಗಿಡ್ಡ ಕಾಲು, ಅಷ್ಟು ಎಳೆಯದಿದ್ದರೆ ಪೆಡಲು ಎಟುಕದು. ಮೊಟ್ಟೆಯ ಮೇಲೆ ಇಡುವಂತೆ ಮೆತ್ತಗೆ ಕಾಲಿಟ್ಟರು. ಪಕ್ಕದ ಸೀಟಿನಲ್ಲಿ ಮೆಕ್ಯಾನಿಕ್ ಕೂತಿದ್ದ. ಗಾಡಿ ಹೊರಟಿತು.

ಗೇರು ಏರಲಿಲ್ಲ. ಎಂಜಿನ್ ಗುರುಗುಟ್ಟಿತು. ಇನ್ನೂ ಗುರುಗುಟ್ಟಿತು. ಕೊನೆಗೆ, ಒಲ್ಲದ ಮನಸ್ಸಿನಿಂದ ಎಂಬಂತೆ, ಏರಿತು.

ಅತ್ತಿಗೆ ಪೆಡಲಿನ ಕಡೆ ನೋಡಿದರು. “ಅವರೇ” ಎಂದರು.

ಗಾಡಿ ಬೈಪಾಸಿನ ಏರು ಹತ್ತಿ ಮುಗಿಸಿತು. ಆಮೇಲೆ ಅತ್ತಿಗೆ ಮಾತಾಡಿದ್ದು ಮೈದುನನ ಜೊತೆಗಲ್ಲ.

“ನಿದ್ದೆ ಬಂದಿದ್ರೆ ನನ್ನ ಎಬ್ಬಿಸಬಾರದಿತ್ತಾ? ಪಕ್ಕದಲ್ಲೇ ಇದ್ನಲ್ಲ.” ಗೇರು ಮತ್ತೊಮ್ಮೆ ತಡವಾಗಿ ಏರಿತು. “ಹೋಗ್ಲಿ ಬಿಡಿ. ಕ್ಷಮಿಸಿದೀನಿ.”

ಮೆಕ್ಯಾನಿಕ್ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಶೆಡ್ಡಿನ ಮುಂದೆ ಅವನನ್ನು ಇಳಿಸಿ, ನಾಳೆಯಿಂದ ಲೋಡಿಗೆ ಹೋಗುತ್ತೇನೆ ಎಂದು ಹೇಳಿ ಅತ್ತಿಗೆ ಒಬ್ಬರೇ ಗಾಡಿ ತಿರುಗಿಸಿಕೊಂಡು ಹೋದರು. ಅಣ್ಣನಿಗೆ ಕೊಟ್ಟ ಮಾತು ಉಳಿಯಿತು.

ಅಪಘಾತದ ದಿನ ಹಳೆಯ ಗಾಡಿಯ ಸೀಟೂ ಅದೇ ಕೊನೆಯ ಹಲ್ಲಿನಲ್ಲಿತ್ತು. ಕಂಟ್ರೋಲ್ ಬಾಕ್ಸಿನಿಂದ ಅವನು ಅಳಿಸಿದ್ದು ಅತ್ತಿಗೆಯ ಕಾಲನ್ನು.