ಗೆದ್ದವರಿಗೆ ಕಾಶಿಯಾತ್ರೆ

ಕೋದಂಡಯ್ಯನವರಿಗೂ ಅವರ ಬೀಗರಿಗೂ ಜನವರಿಯಲ್ಲೇ ಪಂಥ ಬಿದ್ದಿತ್ತು. ಜಗತ್ತಿಗೆಲ್ಲ ವಿಮಾನ ಮಾಡಿಕೊಡುವ ದೊಡ್ಡ ಕಂಪನಿಗಳು ಎರಡು. ಕೋದಂಡಯ್ಯನವರು ಅಮೆರಿಕದ್ದರ ಕಡೆ, ಬೀಗರು ಯುರೋಪಿನದರ ಕಡೆ. ವರ್ಷದ ಕೊನೆಗೆ ಯಾವುದು ಕೊಂಡವರಿಗೆ ಹೆಚ್ಚು ವಿಮಾನ ಒಪ್ಪಿಸಿರುತ್ತದೋ ಆ ಕಡೆಯವರನ್ನು ಸೋತವರು ವಿಮಾನದಲ್ಲೇ ಕಾಶಿಗೆ ಕಳಿಸಬೇಕು.

ತಿಂಗಳು ತಿಂಗಳೂ ಲೆಕ್ಕ ಬಂದಾಗ ಇಬ್ಬರೂ ಫೋನಿನಲ್ಲಿ ಮೀಸೆ ತಿರುವುತ್ತಿದ್ದರು. ಡಿಸೆಂಬರಿನ ಕೊನೆಯ ವಾರಕ್ಕೆ ಎರಡೂ ಸರಿಸಮ! ಕೋದಂಡಯ್ಯನವರಿಗೆ ಅನ್ನ ಸೇರದಾಯಿತು. ಶನಿವಾರ ಬೆಳಿಗ್ಗೆ ಒಂದು ಚೀಲ ತೆಂಗಿನಕಾಯಿ ಹೊತ್ತು ಆಂಜನೇಯನ ಗುಡಿಗೆ ಹೋದರೆ, ಅಲ್ಲಿ ಬೀಗರು ಆಗಲೇ ಬೆವರು ಸುರಿಸುತ್ತಾ ಈಡುಗಾಯಿ ಒಡೆಯುತ್ತಿದ್ದಾರೆ.

"ಏನ್ ಬೀಗ್ರೇ, ನನಗೊಂದು ಮಾತೂ ಹೇಳ್ದೆ ದೇವರ ಹತ್ರ ಓಡಿ ಬಂದಿದೀರಾ?"

"ನೀವೇನು ಆ ಚೀಲದಲ್ಲಿ ಆಲೂಗಡ್ಡೆ ತಂದಿದೀರಾ?"

ಮಾತಿಗೆ ಮಾತು ಬೆಳೆಯಿತು. ಗದ್ದಲ ಕೇಳಿ ಅರ್ಚಕರು ಹೊರಗೆ ಬಂದರು.

"ದೇವಸ್ಥಾನದಲ್ಲಿ ಜಗಳ ಯಾಕ್ರೀ? ನಿಮ್ ನಿಮ್ ಕೋರಿಕೆ ನನ್ನ ಕಿವೀಲಿ ಹೇಳಿ. ದೇವರಿಗೆ ಒಪ್ಪಿಸ್ತೀನಿ. ಅವನು ಯಾರ ಕಡೆ ಅಂತ ಅವನೇ ನೋಡ್ಕೊಳ್ಳಲಿ."

ಕೋದಂಡಯ್ಯನವರು ಅರ್ಚಕರ ಬಲಗಿವಿಯಲ್ಲಿ ಪಿಸುಗುಟ್ಟಿದರು. ಬೀಗರು ಎಡಗಿವಿಯಲ್ಲಿ ಪಿಸುಗುಟ್ಟಿದರು. ಅರ್ಚಕರು ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿ ತಲೆ ಚಚ್ಚಿಕೊಂಡರು.

"ಸಮುದ್ರಾನೇ ಹಾರಿದ ದೇವರ ಮುಂದೆ ನಿಂತು ಇಬ್ರೂ ಒಂದೇ ಕೇಳ್ತೀರಲ್ರೀ, ವಿಮಾನ ಹತ್ತೋಕೆ ಭಯ, ನಮ್ ಕಂಪನಿ ಸೋಲಲಿ ಅಂತ!"