ಒಂದು ಚಾರ್ಜಿಗೆ ಎಷ್ಟು ಮೈಲಿ

ಈ ಸಲವೂ ಬ್ಯಾಟರಿ ಕಾರನ್ನು ತಳ್ಳಿಕೊಂಡೇ ಜಯನಗರದ ಶೆಡ್ಡಿಗೆ ತಂದರು. ಗೌರೀಶಂಕರನಿಗೆ ತಲೆ ಕೆಟ್ಟುಹೋಯಿತು. ಹಳೆಯ ಕಾರಿನ ಎಂಜಿನ್ ಕಿತ್ತು, ಲಾರಿ ಬ್ಯಾಟರಿಗಳನ್ನು ಕೂರಿಸಿದವನು ಅವನೇ. ಲೆಕ್ಕದ ಪ್ರಕಾರ ಒಂದು ಚಾರ್ಜಿಗೆ ಮೂವತ್ತು ಮೈಲಿ ಓಡಬೇಕು. ಇದು ಒಂದು ದಿನ ಹದಿನೆಂಟಕ್ಕೇ ನಿಂತರೆ ಇನ್ನೊಂದು ದಿನ ಇಪ್ಪತ್ತೈದಕ್ಕೆ. ಅದೇ ರಸ್ತೆ, ಅದೇ ಬ್ಯಾಟರಿ, ಅದೇ ಡ್ರೈವರ್ ಬೈರಣ್ಣ. ಇದೇನು ಮಾಯವೋ ಮಾಟವೋ! ನಾಳೆಯೂ ಮೂವತ್ತು ಮುಟ್ಟದಿದ್ದರೆ ಶೆಡ್ ಖಾಲಿ ಮಾಡಿ ಎಂದು, ಅದನ್ನು ಕೊಟ್ಟಿದ್ದ ಕಾರ್ಖಾನೆಯ ಯಜಮಾನರು ಹೇಳಿಬಿಟ್ಟಿದ್ದರು. ಇಷ್ಟು ವರ್ಷದ ದುಡಿಮೆ ನೀರುಪಾಲು.

ಮೋಟಾರು, ವೈರು, ಟೈರಿನ ಗಾಳಿ ಎಲ್ಲ ನೋಡಿ ಸಾಕಾಗಿ, ದಾರಿಯಲ್ಲಿ ಏನಾದರೂ ವಿಶೇಷ ನಡೆಯಿತೇ ಎಂದು ಬೈರಣ್ಣನನ್ನೇ ಕೇಳಿದ. ಅಂಥದ್ದೇನಿಲ್ಲ ಎಂದ ಬೈರಣ್ಣ. ಕತ್ರಿಗುಪ್ಪೆ ಹತ್ತಿರ ಸೊಪ್ಪು ಮಾರುವ ಅಕ್ಕಯಮ್ಮ ಗಂಟು ಸಮೇತ ಹತ್ತಿದ್ದಳಂತೆ. ಇಟ್ಟಮಡುವಿನಲ್ಲಿ ಬೀಗರು, ಅವರ ಜೊತೆ ಒಂದು ಮೂಟೆ ರಾಗಿ. ಮೊನ್ನೆ ಬರೀ ಬೀಗರಂತೆ.

ಗೌರೀಶಂಕರ ಹಣೆ ಹಣೆ ಚಚ್ಚಿಕೊಂಡ.

"ಇದೇನು ಜಟಕಾನಾ? ಅಳತೆಗೆ ಒಬ್ನೇ ಹೋಗ್ಬೇಕು ಕಣಯ್ಯ."

"ಕೈ ಅಡ್ಡ ಹಿಡಿದೋರನ್ನ ಬಿಟ್ಟು ಹೋದ್ರೆ ಊರಲ್ಲಿ ಮುಖ ತೋರ್ಸಕ್ಕಾಯ್ತದಾ ಸಾರ್?"

"ನಾಳೆ ಒಂದಿನ. ಯಾರೇ ಆಗ್ಲಿ, ನಿಲ್ಲಿಸ್ಬೇಡ."

ಮಾರನೆಯ ದಿನ ಶುಕ್ರವಾರ. ಮಧ್ಯಾಹ್ನ ಕಾರು ಯಾರೂ ತಳ್ಳದೆ ತಾನೇ ಬಂತು. ಮೂವತ್ತು ದಾಟಿತ್ತು. ಗೌರೀಶಂಕರನಿಗೆ ಕುಣಿಯುವಷ್ಟು ಖುಷಿ. ಯಜಮಾನರಿಗೆ ಆಗಲೇ ಹೇಳಿಕಳಿಸಿದ. ಬೈರಣ್ಣ ಮಾತ್ರ ಮುಖ ಸಪ್ಪೆ ಮಾಡಿಕೊಂಡು ಇಳಿದ, ಕಾಫಿಯೂ ಬೇಡವೆಂದ. ಏನಾಯಿತೆಂದು ಕೇಳಿದರೆ, ನೀವು ಹೇಳಿದ ಹಾಗೇ ಮಾಡಿದೆ ಎಂದಷ್ಟೇ ಹೇಳಿ ನೆಲ ನೋಡುತ್ತ ನಿಂತ. ಗೆದ್ದ ಮೇಲೂ ಇವನಿಗೇನು ಸಂಕಟವೋ ಗೌರೀಶಂಕರನಿಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಗೌರೀಶಂಕರನ ತಾಯಿ ಲಕ್ಷ್ಮಿದೇವಮ್ಮ ಶೆಡ್ಡಿನ ಬಾಗಿಲಿಗೆ ಬಂದರು. ಮಂಡಿನೋವಿನ ಮುದುಕಿ. ಮಗನ ಕಾರು ಮೂವತ್ತು ಮುಟ್ಟಲೆಂದು ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿ, ಉರಿಬಿಸಿಲಲ್ಲಿ ನಡೆದೇ ಬಂದಿದ್ದರು. ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗಿನಿಂದ ಬೆವರು ಒರೆಸಿಕೊಂಡು, ಮಗನ ಕೈಗೆ ಕುಂಕುಮದ ಪೊಟ್ಟಣ ಕೊಟ್ಟರು. ಬೈರಣ್ಣ ಕಾರಿನ ಹಿಂದಕ್ಕೆ ಸರಿದ.

"ಗುಡಿ ಹತ್ರ ನಿನ್ ಕಾರು ನೋಡ್ದೆ ಕಣಪ್ಪ. ಎಷ್ಟು ಚೆನ್ನಾಗಿ ಓಡ್ತು. ನಾನೂ ಕೈ ಅಡ್ಡ ಹಿಡಿದೆ," ಎಂದರು. ಆಮೇಲೆ ಕಾರನ್ನೊಮ್ಮೆ ನೋಡಿ, ಮರುಕದಿಂದ ಕೇಳಿದರು: "ಪಾಪ, ಇದಕ್ಕಿನ್ನೂ ಬ್ರೇಕ್ ಹಾಕ್ಸಿಲ್ವಾ ಮಗು?"