ಐದನೆಯ ಸೂಚನೆ

"ಹದಿನೇಳು!" ಎಂದು ಚೀಟಿ ಕೊಡುವ ಅಕ್ಕ ಕೂಗಿದಳು. ಅಚ್ಚಿನ ಪ್ರೆಸ್ಸಿನವನು ಮೂರು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದ. ಅಷ್ಟರಲ್ಲಿ ಬಾಗಿಲ ಬಳಿ ಒಂದು ಗಂಡುಮಗು ತಾಯಿಯ ಕೂದಲು ಹಿಡಿದೆಳೆಯುತ್ತ ಸೂರು ಹಾರಿಹೋಗುವಂತೆ ಕಿರುಚಿತು. ಅಕ್ಕ ಇವನ ಮುಖ ನೋಡಿದಳು.

"ಅವರನ್ನೇ ಕಳಿಸಿ ಅಕ್ಕಾ. ನಮ್ಮವಳೇನೂ ಹಟ ಮಾಡ್ತಿಲ್ಲ," ಎಂದು ಇವನು ಮತ್ತೆ ಕೂತ. ಹದಿನೇಳನ್ನು ಕೂಗಿದ್ದು ಇದು ಮೂರನೆಯ ಸಲ. ಮೂರು ಸಲವೂ ಅತ್ತವರೇ ಒಳಗೆ ಹೋಗಿದ್ದರು. ಬೇಸಿಗೆ ಬಂತೆಂದರೆ ಮಕ್ಕಳ ಡಾಕ್ಟರಮ್ಮನ ಈ ಹೊರಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಲಾಟೆಯಲ್ಲಿ ಅಕ್ಕನಿಗೆ ತಲೆಯೇ ಓಡುವುದಿಲ್ಲ. ಹೆಚ್ಚು ಅರಚುವ ಮಗುವನ್ನು ಮೊದಲು ಒಳಗೆ ದಬ್ಬುವುದು ಅವಳು ಕಂಡುಕೊಂಡ ಉಪಾಯ.

ಪಕ್ಕದಲ್ಲಿ ಮೊಮ್ಮಗನಿಗೆ ಬಿಸ್ಕತ್ತು ತಿನ್ನಿಸುತ್ತಿದ್ದ ಅಜ್ಜಿಗೆ ಇದು ಸರಿ ಕಾಣಲಿಲ್ಲ. "ಅತ್ತರೆ ತಾನೇ ತಾಯಿ ಹಾಲು ಕೊಡೋದು? ನಿನ್ನ ಮಗಳು ಬಾಯೇ ಬಿಡ್ತಿಲ್ಲ. ನಿನ್ನ ಸರದಿ ಬಂದ ಹಾಗೇ ಇದೆ ಬಿಡು. ಆದ್ರೂ ಎಷ್ಟು ಸಾಧು ಮಗು!"

"ಸಾಧುವಾ? ಮನೇಲಿ ಇವಳ ಹೆಸರೇ ರೇಡಿಯೊ, ಅಜ್ಜಿ. ಎದ್ದಾಗ ಶುರುವಾದ್ರೆ ಮಲಗೋವರೆಗೂ ನಿಲ್ಲಲ್ಲ. ನಿನ್ನೆಯಿಂದ ವಾಂತಿ, ಭೇದಿ ಎರಡೂ ಇತ್ತು. ಬೆಳಿಗ್ಗೆಯಿಂದ ಎಲ್ಲಾ ನಿಂತು ತೆಪ್ಪಗೆ ಮಲಗಿದಾಳೆ. ಚಡ್ಡಿ ಕೂಡ ಒದ್ದೆಯಾಗಿಲ್ಲ ನೋಡಿ. ಗುಣ ಆಗ್ತಿದೆ ಅಂತ ಕಾಣತ್ತೆ. ಹೆಂಡತಿ ಕೆಲಸಕ್ಕೆ ಹೋಗ್ತಾ ತೋರಿಸ್ಲೇಬೇಕು ಅಂದ್ಲು, ಬಂದೆ."

ಅಕ್ಕನ ತಲೆಯ ಮೇಲೆ, ಗೋಡೆಯಲ್ಲಿ, ಇವನೇ ಅಚ್ಚು ಹಾಕಿದ ಹಾಳೆ ಅಂಟಿಸಿತ್ತು: 'ಬೇಸಿಗೆಯಲ್ಲಿ ಮಕ್ಕಳ ಆರೈಕೆ.' ಕಾಲ ಬದಲಾದಾಗಲೆಲ್ಲ ಡಾಕ್ಟರಮ್ಮ ಐದು ಸೂಚನೆ ಬರೆದು ಕಳಿಸುತ್ತಾರೆ, ಇವನು ಐನೂರು ಪ್ರತಿ ತೆಗೆದುಕೊಡುತ್ತಾನೆ. ಮೊದಲ ವರ್ಷ ತಲೆಬರಹದ 'ಮಕ್ಕಳ' ಪದದಲ್ಲಿ ಒತ್ತು ಬಿದ್ದುಹೋಗಿ ಅಷ್ಟೂ ಹಾಳೆ ವಾಪಸ್ಸು ಬಂದಿದ್ದವು. ಅಂದಿನಿಂದ ಕರಡನ್ನು ಅವನು ಕೊನೆಯ ಪದದಿಂದ ಮೊದಲ ಪದಕ್ಕೆ ತಿರುವುಮುರುವಾಗಿ ಓದುತ್ತಾನೆ. ಅರ್ಥದ ಬೆನ್ನು ಹತ್ತಿದರೆ ಕಣ್ಣು ತಪ್ಪನ್ನು ದಾಟಿ ಹೋಗಿಬಿಡುತ್ತದೆ ಎಂಬುದು ಆ ಕಸುಬಿನವರ ಪಾಠ. ಏಳು ವರ್ಷವಾಯಿತು, ಹಾಳೆಯಲ್ಲಿ ಒಂದಕ್ಷರ ತಪ್ಪಿಲ್ಲ. ಒಂದಕ್ಷರ ಅವನ ತಲೆಗೂ ಹೋಗಿಲ್ಲ.

"ಕನ್ನಡಕ ತಂದಿಲ್ಲ ಕಣಪ್ಪ. ಅದೇನು ಬರ್ದಿದಾರೋ ಸ್ವಲ್ಪ ಓದ್ಹೇಳು," ಎಂದಳು ಅಜ್ಜಿ.

ತನ್ನ ಕೆಲಸವನ್ನು ಒಬ್ಬರು ಕೇಳಿದರಲ್ಲ ಎಂಬ ಖುಷಿಗೆ ಅವನು ಗಂಟಲು ಸರಿಮಾಡಿಕೊಂಡ. "ಒಂದು. ಕುದಿಸಿ ಆರಿಸಿದ ನೀರನ್ನೇ ಕುಡಿಸಿ. ಎರಡು. ಕತ್ತರಿಸಿ ತೆರೆದಿಟ್ಟ ಹಣ್ಣು ಕೊಡಿಸಬೇಡಿ. ಮೂರು. ನಡುಮಧ್ಯಾಹ್ನ ಬಿಸಿಲಿನಲ್ಲಿ ಆಡಲು ಬಿಡಬೇಡಿ. ನಾಲ್ಕು. ಭೇದಿಯಾದರೆ ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕೊಡುತ್ತಲೇ ಇರಿ. ಐದು. ವಾಂತಿಭೇದಿಯಾದ ಮಗು ಅಳದೆ ಮಂಕಾಗಿ ಮಲಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಬೆಳಗಿನಿಂದ ಮೂತ್ರ ಹೋಗಿರದಿದ್ದರೆ..."

ಅವನ ಕೈ ಮಗಳ ಒಣ ಚಡ್ಡಿಯನ್ನು ಮುಟ್ಟಿತು.

"ಮುಂದಕ್ಕೆ?"

"ಸರದಿಗೆ ಕಾಯಬೇಡಿ. ನೇರವಾಗಿ ಒಳಗೆ ಬನ್ನಿ."

ಹೆಗಲ ಮೇಲಿದ್ದ ಮಗಳನ್ನು ತೊಡೆಗಿಳಿಸಿ ನೋಡಿದ. ಅರೆತೆರೆದ ಕಣ್ಣು ಫ್ಯಾನಿನ ಕಡೆಗಿತ್ತು, ಆದರೆ ಅದು ಫ್ಯಾನನ್ನು ನೋಡುತ್ತಿರಲಿಲ್ಲ. ತುಟಿ ಬಿರಿದಿತ್ತು. "ರೇಡಿಯೊ... ಏ ರೇಡಿಯೊ, ಅಪ್ಪನ್ನ ನೋಡು." ರೆಪ್ಪೆ ಕೂಡ ಅಲುಗಲಿಲ್ಲ. ಇಲ್ಲಿ ಕೂತು ಒಂದು ಗಂಟೆಯಾಗಿತ್ತು. ಆ ಗಂಟೆಯುದ್ದಕ್ಕೂ ಮಗಳ ಮೌನಕ್ಕೆ ತಾನು ಬೀಗಿದ್ದು ನೆನಪಾಗಿ ಅವಳನ್ನು ಎದೆಗವಚಿಕೊಂಡು ಎದ್ದ.

"ರೀ, ನಿಲ್ರೀ, ಒಳಗೆ ಇನ್ನೊಂದು ಮಗು..." ಎನ್ನುತ್ತಿದ್ದ ಅಕ್ಕನನ್ನು ತಳ್ಳಿಕೊಂಡೇ ಅವನು ಬಾಗಿಲು ನೂಕಿದ.

ಡಾಕ್ಟರಮ್ಮ ಒಂದೇ ನೋಟ ನೋಡಿದರು. ಕಿರುಚುತ್ತಿದ್ದ ಗಂಡುಮಗುವನ್ನು ಎತ್ತಿ ಅದರ ತಾಯಿಯ ಕೈಗಿಟ್ಟು, ಇವಳನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಚರ್ಮ ಮಡಿಸಿದ ಕಾಗದದ ಗೆರೆಯಂತೆ ಹಾಗೇ ನಿಂತಿತು.

"ಯಾವಾಗ ಬಂದ್ರಿ?"

"ಒಂದು ಗಂಟೆ... ಅಳ್ತಿರ್ಲಿಲ್ಲ ಡಾಕ್ಟ್ರಮ್ಮ, ಅದಕ್ಕೇ ನಾನು ಬೇರೆಯವರನ್ನ..."

"ಅಚ್ಚು ಹಾಕಿದ್ದು ನೀವೇ ಅಲ್ವೇನ್ರೀ?"

ಡಾಕ್ಟರಮ್ಮ ಉತ್ತರಕ್ಕೆ ಕಾಯದೆ ಪುಟ್ಟ ಕೈಯಲ್ಲಿ ನರ ಹುಡುಕತೊಡಗಿದ್ದರು. ಮೊದಲ ಸೂಜಿಗೆ ನರ ಸಿಗಲಿಲ್ಲ. ಮಗಳು ಮಿಸುಕಲೂ ಇಲ್ಲ. ಎರಡನೆಯದಕ್ಕೂ ಇಲ್ಲ. ಹುಟ್ಟಿದಂದಿನಿಂದ ಅಳಬೇಡ, ಅಳಬೇಡ ಎಂದು ಬೇಡಿದ್ದ ಅಪ್ಪ ಈಗ ಅವಳ ಪಾದ ಹಿಡಿದುಕೊಂಡು, "ಅಳು ಕಂದಾ, ಒಂದ್ಸಲ ಅಳು ನನ್ನಮ್ಮಾ," ಎನ್ನುತ್ತಿದ್ದ. ಮೂರನೆಯ ಸೂಜಿಗೆ ಅವಳ ತುಟಿ ಸೊಟ್ಟಗಾಯಿತು. ಬೆಕ್ಕಿನ ಮರಿಯ ಹಾಗೆ ತೆಳ್ಳಗೆ ಒಂದು ದನಿ ಹೊರಟಿತು.

"ಅತ್ಲು! ಡಾಕ್ಟ್ರಮ್ಮ, ಅತ್ಲು!"

ಬಾಗಿಲಲ್ಲಿ ನಿಂತಿದ್ದ ಅಕ್ಕ ಉಸಿರು ಬಿಟ್ಟಳು. ಡಾಕ್ಟರಮ್ಮ ನಗಲಿಲ್ಲ. ಬಾಟಲಿಯಿಂದ ಕೊಳವೆಗೆ ಹನಿ ಇಳಿಯುವುದನ್ನೇ ನೋಡುತ್ತ, "ಮೈಯಲ್ಲಿ ನೀರೇ ಇಲ್ಲ. ಕಣ್ಣೀರು ಬರ್ಲಿ. ಆಮೇಲೆ ಹೇಳ್ತೀನಿ," ಎಂದರು.

ಅವನು ಸ್ಟೂಲೆಳೆದುಕೊಂಡು ಮಗಳ ಕಣ್ಣಿನ ಕೆಳಗೆ ತೋರುಬೆರಳಿಟ್ಟು ಕೂತ. ಹಾಳೆಯ ಮೇಲೆ ಮಸಿ ಆರಿದೆಯೇ ಎಂದು ದಿನಕ್ಕೆ ನೂರು ಸಲ ಮುಟ್ಟಿ ನೋಡುವ ಬೆರಳು ಅದು. ಆರಲಿ ಎಂದು ಕಾಯುವುದಷ್ಟೇ ಅದಕ್ಕೆ ಗೊತ್ತಿತ್ತು. ಕೆನ್ನೆ ಒಣಗಿಯೇ ಇತ್ತು.